ಹತ್ತು ಡೋಸಿನ ಬಾಟಲಿ, ಏಳು ಜನರ ಲೈನ್ ಮನೆ

ಕೋವಿಶೀಲ್ಡ್ ಲಸಿಕೆಯ ಒಂದು ಬಾಟಲಿಯಲ್ಲಿ ಹತ್ತು ಡೋಸ್ ಇರುತ್ತಿತ್ತು. ಅದರ ರಬ್ಬರ್ ಮುಚ್ಚಳಕ್ಕೆ ಒಮ್ಮೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಹತ್ತೂ ಮುಗಿಯಬೇಕು. ಉಳಿದರೆ ಎಸೆಯಬೇಕು, ಎಸೆದದ್ದಕ್ಕೆ ಲೆಕ್ಕ ಒಪ್ಪಿಸಬೇಕು. 2021ರ ಮಳೆಗಾಲದ ಒಂದು ಬೆಳಿಗ್ಗೆ ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದಕ್ಕೆ ಲಸಿಕೆ ಹಾಕಲು ಬಂದಿದ್ದ ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆಯ ಎದುರು ಲೈನ್ ಮನೆಗಳಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಂದ, ಬಂದು ನಿಂತವರು ಏಳು ಜನ. ಉಳಿದ ನಾಲ್ಕೈದು ಮಂದಿ ಜೀಪಿನ ಸದ್ದು ಕೇಳಿದ್ದೇ ತಡ, ರೊಬಸ್ಟಾ ಗಿಡಗಳ ಮರೆಗೆ ಸರಿದುಬಿಟ್ಟಿದ್ದರು. ಸಿಸ್ಟರ್ ಬಾಟಲಿ ಮುಟ್ಟಲಿಲ್ಲ. ಲಸಿಕೆಯ ನೀಲಿ ಡಬ್ಬಿಯ ಮೇಲೆ ಒಂದು ಕೈಯಿಟ್ಟುಕೊಂಡು ಅಂಗಳದ ಕಲ್ಲಿನ ಮೇಲೆ ಕುಳಿತರು. ಆಶಾ ಕಾರ್ಯಕರ್ತೆ ತೋಟದ ಲೆಕ್ಕ ಬರೆಯುವ ರೈಟರನ್ನು ಹುಡುಕಿ, ಕೂಲಿಯವರ ಹಾಜರಿಪಟ್ಟಿಯಾದ ಚೆಕ್‌ರೋಲ್ ತರಿಸಿ ಹೆಸರುಗಳನ್ನು ಓದಿಸಿದರು. ಬಳಿಕ ತೋಟದ ಕಡೆಗೆ ಮುಖ ಮಾಡಿ, ‘ನಿನ್ನ ಮಗಳಿಗೆ ಸೂಜಿ ಹಾಕ್ಸಿದ್ದು ನಾನೇ ತಾನೆ, ಅವಳಿಗೇನಾಯ್ತು? ಬಾ ಹೊರಗೆ’ ಎಂದು ಕೂಗಿದರು. ಇಬ್ಬರು ಬಂದರು. ಹತ್ತನೆಯವರನ್ನು ಪಕ್ಕದ ತೋಟದಿಂದ ಪಿಕಪ್‌ನಲ್ಲಿ ಕರೆತಂದದ್ದಾಯಿತು. ಒಂಬತ್ತೂವರೆಗೆ ಬಂದವರು ಬಾಟಲಿ ತೆರೆದದ್ದು ಹನ್ನೊಂದು ದಾಟಿದ ಮೇಲೆ.

ಕೊರತೆಯ ಕಾಲದಲ್ಲಿ ಆರೋಗ್ಯ ಸಿಬ್ಬಂದಿ ತೋರಿದ ಸ್ಥೈರ್ಯದ ಬಗ್ಗೆ ಆಗ ಬಹಳಷ್ಟು ಬರೆಯಲಾಯಿತು. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಸಂಜೆ ಐದಕ್ಕೆ ಚಪ್ಪಾಳೆ ತಟ್ಟಿ, ಜಾಗಟೆ ಬಾರಿಸಿದೆವು. ಮೇ 3ರಂದು ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವು ಸುರಿದವು. ಅಂದು ತೋಟದ ಅಂಗಳದಲ್ಲಿ ನಿಂತು ನಾನು ಕಂಡದ್ದಕ್ಕೆ ಸ್ಥೈರ್ಯ ಎಂಬ ಮಾತು ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿದ್ದದ್ದು ಲೆಕ್ಕಾಚಾರ, ಯಾರ ಮನೆಯಲ್ಲಿ ಯಾರಿದ್ದಾರೆಂಬ ವರ್ಷಗಳ ಅರಿವು, ಮತ್ತು ಯಾವ ನಮೂನೆಯಲ್ಲೂ ಬರೆಯಲು ಕಲಂ ಇಲ್ಲದ ಒಂದೂವರೆ ಗಂಟೆಯ ಕೆಲಸ. ಸಂಜೆ ಪೋರ್ಟಲ್‌ಗೆ ಹೋದ ವರದಿಯಲ್ಲಿ ‘ಫಲಾನುಭವಿಗಳು 10, ವ್ಯರ್ಥ 0’ ಎಂದಷ್ಟೇ ಇದ್ದಿರಬೇಕು. ಆ ಸೊನ್ನೆಯ ಬೆಲೆಯನ್ನು ಯಾರು ತೆತ್ತರು ಎಂದು ಕೇಳದೆ ಆರೋಗ್ಯ ಕಾರ್ಯಕರ್ತರ ತಾಳಿಕೆಯನ್ನು ಹೊಗಳಿದರೆ ಆ ಹೊಗಳಿಕೆ ಸಾಲ ಮರೆಸುವ ಉಪಾಯವಾಗುತ್ತದೆ ಎಂಬುದು ನನ್ನ ವಾದ.

ಕೊರತೆ ಕೊಡಗಿನದ್ದಷ್ಟೇ ಆಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 3ರಂದು, ಅಂದರೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆಯುವುದಕ್ಕೆ ಎಂಟು ದಿನ ಮೊದಲೇ, ರಕ್ಷಣಾ ಸಾಮಗ್ರಿಗಳ ಅಭಾವದ ಬಗ್ಗೆ ಎಚ್ಚರಿಸಿತ್ತು. ಸರ್ಜಿಕಲ್ ಮಾಸ್ಕಿನ ಬೆಲೆ ಆರು ಪಟ್ಟು, ಎನ್-95 ಬೆಲೆ ಮೂರು ಪಟ್ಟು, ಗೌನುಗಳ ಬೆಲೆ ಎರಡು ಪಟ್ಟು ಏರಿತ್ತು. ಜಗತ್ತಿಗೆ ತಿಂಗಳಿಗೆ 8.9 ಕೋಟಿ ಮಾಸ್ಕ್ ಮತ್ತು 7.6 ಕೋಟಿ ಕೈಗವಸು ಬೇಕು, ತಯಾರಿಕೆ ಶೇ 40ರಷ್ಟು ಹೆಚ್ಚಬೇಕು ಎಂದು ಅದು ಅಂದಾಜಿಸಿತ್ತು. ಶ್ರೀಮಂತ ನ್ಯೂಯಾರ್ಕಿನ ನರ್ಸುಗಳೇ ಗೌನಿಲ್ಲದೆ ಕಸದ ಚೀಲ ತೊಟ್ಟು ನಿಂತ ಚಿತ್ರಗಳು ಬಂದಾಗ, ಬೆಟ್ಟದ ಮೇಲಿನ ಆರೋಗ್ಯ ಉಪಕೇಂದ್ರಕ್ಕೆ ಸರದಿ ಬರುವುದು ಯಾವಾಗ ಎಂದು ಪ್ರತ್ಯೇಕ ಹೇಳಬೇಕಾಗಿರಲಿಲ್ಲ. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಾದ್ಯಂತ 80 ಸಾವಿರದಿಂದ 1.8 ಲಕ್ಷ ಆರೋಗ್ಯ ಸಿಬ್ಬಂದಿ ಕೋವಿಡ್‌ನಿಂದ ಸತ್ತಿರಬಹುದೆಂದು ಅದೇ ಸಂಸ್ಥೆ ಹೇಳಿತು. ಕೆಳಗಿನ ಅಂದಾಜಿಗೂ ಮೇಲಿನ ಅಂದಾಜಿಗೂ ನಡುವೆ ಒಂದು ಲಕ್ಷ ಜನರ ಅಂತರವಿದೆ. ಆರೈಕೆ ಮಾಡುವವರ ಸಾವನ್ನು ಎಣಿಸುವ ವ್ಯವಸ್ಥೆಯೇ ಎಷ್ಟು ಸಡಿಲವಾಗಿತ್ತೆಂಬುದಕ್ಕೆ ಆ ಅಂತರವೇ ಸಾಕ್ಷಿ.

ಸಿಬ್ಬಂದಿಯೇ ವಿರಳವಾದ ಕಡೆ ಇಂಥ ಸಾವುಗಳ ಪರಿಣಾಮ ಬೇರೆ ತೆರನಾದದ್ದು. 2014ರಿಂದ ಪಶ್ಚಿಮ ಆಫ್ರಿಕಾದಲ್ಲಿ ಹಬ್ಬಿದ ಎಬೋಲಾ, ಲೈಬೀರಿಯಾದ ವೈದ್ಯರು, ನರ್ಸುಗಳು, ಸೂಲಗಿತ್ತಿಯರಲ್ಲಿ ಸುಮಾರು ಶೇ 8ರಷ್ಟು ಮಂದಿಯನ್ನು ಬಲಿ ತೆಗೆದುಕೊಂಡಿತು. ನೂರು ಜನರಿರುವ ಕಡೆ ಎಂಟು ಜನ ಹೋದರೆ ಉಳಿದವರು ಹೇಗೋ ಹಂಚಿಕೊಳ್ಳಬಹುದು. ಇಡೀ ತಾಲ್ಲೂಕಿಗೆ ಒಬ್ಬ ಅರಿವಳಿಕೆ ತಜ್ಞರಿರುವ ಕಡೆ ಆ ಒಬ್ಬರು ಹದಿನಾಲ್ಕು ದಿನ ಕ್ವಾರಂಟೈನಿಗೆ ಹೋದರೂ ಶಸ್ತ್ರಚಿಕಿತ್ಸೆಯ ಕೊಠಡಿಗೆ ಬೀಗ ಬೀಳುತ್ತದೆ. ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದದ್ದೇ 2016ರಲ್ಲಿ. ಅದಕ್ಕೆ ಮೊದಲು, ಎಷ್ಟೋ ಕಾಯಿಲೆಗಳಿಗೆ ಇಂದಿಗೂ, ಇಲ್ಲಿನವರ ದೊಡ್ಡಾಸ್ಪತ್ರೆ ಎಂದರೆ ಮೈಸೂರು ಇಲ್ಲವೇ ಮಂಗಳೂರು; ವಿರಾಜಪೇಟೆ ಕಡೆಯವರಿಗೆ ಕೇರಳದ ಕಣ್ಣೂರು ಅಥವಾ ತಲಶ್ಶೇರಿ. 2020ರ ಮಾರ್ಚ್ ಕೊನೆಯಲ್ಲಿ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಕೇರಳದ ಗಡಿ ಮುಚ್ಚಿದಾಗ ತರಕಾರಿ ಲಾರಿಗಳ ಬಗ್ಗೆ ಬಹಳ ಚರ್ಚೆಯಾಯಿತು. ಗಡಿಯಾಚೆ ಡಯಾಲಿಸಿಸ್‌ಗೋ ಹೆರಿಗೆಗೋ ಹೋಗುತ್ತಿದ್ದವರ ಹೊಣೆ ಈಚೆಯ ಸಿಬ್ಬಂದಿಯ ಮೇಲೆ ಬಿತ್ತೆಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಜಿಲ್ಲೆಯ ಭೂಗೋಳವನ್ನು ಹೇಳದೆ ಇಲ್ಲಿನ ಕೊರತೆಯನ್ನು ಹೇಳಲಾಗದು. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ, ಚದರ ಕಿಲೋಮೀಟರಿಗೆ 135 ಜನ, ರಾಜ್ಯದ ಸರಾಸರಿ 319. ಬಯಲುಸೀಮೆಯಲ್ಲಿ ಐದು ಸಾವಿರ ಜನರಿಗೊಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ ಮೂರು ಸಾವಿರಕ್ಕೊಂದು ಎಂಬ ನಿಯಮವೇನೋ ಇದೆ. ಆದರೆ ಅದು ತಲೆ ಎಣಿಸುತ್ತದೆಯೇ ಹೊರತು ಹಾದಿ ಅಳೆಯುವುದಿಲ್ಲ. ಮಂಡ್ಯದ ಹಳ್ಳಿಯಲ್ಲಿ ಒಂದು ಬೀದಿ ಹಿಡಿದು ನಡೆದರೆ ಐವತ್ತು ಮನೆಯ ಸರ್ವೆ ಮುಗಿಯುತ್ತದೆ. ಇಲ್ಲಿ ಪ್ರತಿ ಮನೆಯೂ ಅದರದರ ತೋಟದ ನಡುವೆ ಒಂಟಿ. ಗೇಟಿನಿಂದ ಮನೆಗೇ ಅರ್ಧ ಮೈಲಿ, ನಡುವೆ ನಾಯಿ, ಇಂಬಳ, ಸಂಜೆಯಾದರೆ ಆನೆ. ಸಿದ್ದಾಪುರ, ಮಾಲ್ದಾರೆ ಕಡೆ ಆಶಾ ಕಾರ್ಯಕರ್ತೆಯರು ನಾಲ್ಕು ಗಂಟೆಯೊಳಗೆ ಮನೆ ಸೇರುವ ಆತುರದಲ್ಲಿರುವುದು ಮೈಗಳ್ಳತನದಿಂದಲ್ಲ. ಮೊಬೈಲ್ ಆ್ಯಪಿನಲ್ಲೇ ಎಲ್ಲ ವಿವರ ತುಂಬಬೇಕೆಂಬ ಆದೇಶ ಬಂದಾಗ, ನೆಟ್‌ವರ್ಕ್ ಸಿಗುವ ದಿಣ್ಣೆ ಹತ್ತಿ ಕೊಡೆ ಹಿಡಿದು ನಿಂತು ದಿನದ ಅಂಕಿಅಂಶ ಕಳಿಸುವುದೂ ಅವರ ಕೆಲಸವಾಯಿತು.

ಎನ್-95 ಮಾಸ್ಕಿನ ಕತೆಯನ್ನೇ ನೋಡಬಹುದು. ಅಭಾವದ ದಿನಗಳಲ್ಲಿ ಒಂದು ಮಾಸ್ಕನ್ನು ಬಿಸಾಡದೆ ಕಾಗದದ ಚೀಲದಲ್ಲಿಟ್ಟು, ಮೂರು ನಾಲ್ಕು ದಿನ ಒಣಗಲು ಬಿಟ್ಟು, ಸರದಿಯ ಮೇಲೆ ಮತ್ತೆ ಬಳಸುವ ಪದ್ಧತಿಯನ್ನು ದೇಶದ ದೊಡ್ಡ ಆಸ್ಪತ್ರೆಗಳು ಹೇಳಿಕೊಟ್ಟವು. ದೆಹಲಿಯ ಒಣಹವೆಯಲ್ಲಿ ಅದು ಸರಿಯಾದ ಸಲಹೆ. ಮಳೆಯನ್ನು ಇಂದಿಗೂ ಇಂಚಿನ ಲೆಕ್ಕದಲ್ಲಿ ಬರೆದಿಡುವ ಈ ಜಿಲ್ಲೆಯಲ್ಲಿ, ಕಡುಮಳೆಯ ಕಕ್ಕಡ ಮಾಸದಲ್ಲಿ, ಕಾಗದದ ಚೀಲವೇ ಮೊದಲು ಮೆತ್ತಗಾಗುತ್ತದೆ. ವಿರಾಜಪೇಟೆ ಕಡೆಯ ನರ್ಸೊಬ್ಬರು ಐದು ಚೀಲಗಳ ಮೇಲೆ ಒಂದರಿಂದ ಐದರವರೆಗೆ ಅಂಕಿ ಬರೆದು, ಅಡುಗೆಮನೆಯ ಒಲೆಯ ಮೇಲಿನ ಅಟ್ಟದ ಅಂಚಿಗೆ, ಹೊಗೆ ತಾಗದೆ ಕಾವು ಮಾತ್ರ ತಾಗುವಷ್ಟು ದೂರದಲ್ಲಿ, ದಾರ ಕಟ್ಟಿ ತೂಗುಹಾಕಿದ್ದರು. ಮಾರ್ಗಸೂಚಿ ಮಾಡಿದವರ ಕಲ್ಪನೆಗೆ ನಿಲುಕದ ಸಂಗತಿಯನ್ನು ಅದನ್ನು ಪಾಲಿಸಬೇಕಾದವರು ಹೀಗೆ ತುಂಬಿಕೊಂಡರು. ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಆಸ್ಪತ್ರೆಯ ಮಾಸ್ಕ್ ಒಣಗಿದ್ದು ಅವರ ಮನೆಯ ಒಲೆಯ ಕಾವಿನಲ್ಲಿ, ಮಕ್ಕಳು ಊಟ ಮಾಡುವ ಕೋಣೆಯಲ್ಲಿ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು.

ಎರಡನೆಯ ಅಲೆಯ ಹೊತ್ತಿಗೆ ಮಾಸ್ಕ್ ಅಗ್ಗವಾಗಿತ್ತು. ಕೊರತೆ ಆಮ್ಲಜನಕಕ್ಕೆ ದಾಟಿತ್ತು. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ತೀರಿಕೊಂಡ ಸುದ್ದಿ ಬಂದಾಗ ಮಡಿಕೇರಿಯಲ್ಲಿ ಹುಟ್ಟಿದ ಭಯಕ್ಕೆ ಕಾರಣವಿತ್ತು. ಚಾಮರಾಜನಗರಕ್ಕೆ ಸಿಲಿಂಡರ್ ಬರಬೇಕಿದ್ದದ್ದು ಮೈಸೂರಿನಿಂದ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಏನೇ ಬಂದರೂ ರಸ್ತೆಯಲ್ಲೇ ಬರಬೇಕು, ಮೈಸೂರು ಸುಮಾರು 120 ಕಿಲೋಮೀಟರ್ ದೂರ.

ವಾರ್ಡಿನಲ್ಲಿ ರಾತ್ರಿ ಪಾಳಿಯ ನರ್ಸ್ ಮಾಡುತ್ತಿದ್ದ ಲೆಕ್ಕ ಇಂಥದ್ದು. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು ಏಳು ಸಾವಿರ ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ ಹತ್ತು ಲೀಟರ್ ಬೇಕಾದ ರೋಗಿಗೆ ಅದು ಹನ್ನೊಂದೂವರೆ ಗಂಟೆ ಬರುತ್ತದೆ. ಚೀಲವಿರುವ ಮಾಸ್ಕ್ ಹಾಕಿ ಹದಿನೈದು ಲೀಟರ್ ಬಿಟ್ಟರೆ ಎಂಟು ಗಂಟೆಯೂ ಬರುವುದಿಲ್ಲ. ಮೂಗಿನ ಮೂಲಕ ನಿಮಿಷಕ್ಕೆ ಅರವತ್ತು ಲೀಟರ್ ಹಾಯಿಸುವ ಯಂತ್ರಕ್ಕೆ ಜೋಡಿಸಿದರೆ ಎರಡು ಗಂಟೆಯೊಳಗೆ ಖಾಲಿ. ಅಂದರೆ ಒಬ್ಬ ರೋಗಿಯ ಒಂದು ರಾತ್ರಿ, ಇನ್ನೊಬ್ಬನ ಮೂರು ದಿನವನ್ನು ನುಂಗಬಲ್ಲದು. ರೋಗಿ ನೀರು ಕುಡಿಯಲು ಮಾಸ್ಕ್ ತೆಗೆದು ಪಕ್ಕಕ್ಕಿಟ್ಟರೆ, ಶೌಚಕ್ಕೆ ಹೋಗುವಾಗ ತಿರುಪು ತಿರುಗಿಸಲು ಮರೆತರೆ, ಅಷ್ಟೂ ಗಾಳಿಪಾಲು. ಮಹಾರಾಷ್ಟ್ರದ ಆದಿವಾಸಿ ಜಿಲ್ಲೆ ನಂದೂರ್‌ಬಾರ್‌ನಲ್ಲಿ ಇದೊಂದೇ ಕೆಲಸಕ್ಕೆ ‘ಆಕ್ಸಿಜನ್ ನರ್ಸ್’ ಎಂದು ನೇಮಿಸಿದ್ದರು. ಹಾಸಿಗೆಯಿಂದ ಹಾಸಿಗೆಗೆ ಹೋಗಿ ರಕ್ತದ ಆಮ್ಲಜನಕದ ಮಟ್ಟ ನೋಡುವುದು, ಸಾಕೆನಿಸಿದ ಕಡೆ ಒಂದೆರಡು ಲೀಟರ್ ಇಳಿಸುವುದು, ಸೋರಿಕೆ ಬಿಗಿ ಮಾಡುವುದು, ರೋಗಿಯನ್ನು ಬೋರಲು ಮಲಗಿಸುವುದು. ಬೋರಲು ಮಲಗಿದರೆ ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಂಡು, ಕಡಿಮೆ ಆಮ್ಲಜನಕದಲ್ಲೇ ಮಟ್ಟ ಏರುತ್ತದೆ. ಖರ್ಚಿಲ್ಲದ ಚಿಕಿತ್ಸೆ ಎಂದು ಇದನ್ನು ಹೊಗಳುವುದುಂಟು. ಎಂಬತ್ತು ಕಿಲೋ ತೂಕದವರನ್ನು ಪಿಪಿಇ ಕಿಟ್ಟಿನೊಳಗೆ ಬೆವರುತ್ತ, ನಳಿಕೆ ಕಳಚದಂತೆ, ದಿನಕ್ಕೆ ಹಲವು ಸಲ ಹೊರಳಿಸುವ ತೋಳುಗಳಿಗೆ ಅದು ಖರ್ಚಿಲ್ಲದ ಕೆಲಸವಾಗಿರಲಿಲ್ಲ.

ಸಾಮಗ್ರಿಯ ಕೊರತೆ ಮಾಯವಾಗುವುದಿಲ್ಲ, ದುಡಿಮೆಯ ರೂಪಕ್ಕೆ ತಿರುಗಿ ಯಾರದೋ ಮೈಮೇಲೆ ಕೂರುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ನರ್ಸಿನ ಓಡಾಟ ಹೆಚ್ಚುತ್ತದೆ. ಲಸಿಕೆ ಕಡಿಮೆಯಾದರೆ ಆಶಾ ಕಾರ್ಯಕರ್ತೆಯ ಹುಡುಕಾಟ ಹೆಚ್ಚುತ್ತದೆ. ಮನೆಯಲ್ಲೇ ಗಾಳಿಯಿಂದ ಆಮ್ಲಜನಕ ಸೋಸಿಕೊಡುವ ಕಾನ್ಸಂಟ್ರೇಟರುಗಳನ್ನು ದಾನಿಗಳು ಕೊಟ್ಟರು, ಒಳ್ಳೆಯದಾಯಿತು. ಆದರೆ ಅವು ನಡೆಯುವುದು ಕರೆಂಟಿನಿಂದ. ಮೊದಲ ಗಾಳಿಮಳೆಗೇ ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಎರಡು ದಿನ ಕತ್ತಲಾಗುವ ಊರುಗಳಲ್ಲಿ, ಯಾವ ಮನೆಯಲ್ಲಿ ಜನರೇಟರ್ ಇದೆ, ಅದರ ಡೀಸೆಲ್ ಎಷ್ಟು ಹೊತ್ತಿಗೆ ಸಾಕು ಎಂದು ತಿಳಿದಿಟ್ಟುಕೊಳ್ಳುವುದೂ ಆರೋಗ್ಯ ಸೇವೆಯ ಭಾಗವಾಯಿತು.

ಈ ಬಗೆಯ ತಿಳಿವಳಿಕೆ ಕೊಡಗಿನ ಸಿಬ್ಬಂದಿಗೆ ಕೋವಿಡ್ ಕಾಲದಲ್ಲಿ ದಿಢೀರೆಂದು ಬಂದದ್ದಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಬೆಟ್ಟಗಳು ಜಾರಿದಾಗ, ಮರುವರ್ಷ ಕರಡಿಗೋಡಿನಲ್ಲಿ ಕಾವೇರಿ ಮನೆಯೊಳಗೆ ನುಗ್ಗಿದಾಗ, ಪರಿಹಾರ ಕೇಂದ್ರಗಳಲ್ಲಿ ಬಸುರಿಯರ ಪಟ್ಟಿ, ಸಕ್ಕರೆ ಕಾಯಿಲೆಯವರ ಮಾತ್ರೆಯ ಪಟ್ಟಿ, ಕ್ಷಯರೋಗಿಗಳ ಔಷಧದ ಪಟ್ಟಿ ಬರೆದವರು ಇದೇ ಸಿಸ್ಟರುಗಳು, ಇದೇ ಆಶಾಗಳು. ರಸ್ತೆ ಕಡಿದ ಊರಿಗೆ ಯಾವ ಕಾಲುದಾರಿ ಹೋಗುತ್ತದೆ, ಯಾರ ಜೀಪು ಆ ಕೆಸರಿನಲ್ಲಿ ಹತ್ತುತ್ತದೆ ಎಂಬುದು ಆಗಲೇ ಅವರ ಬಾಯಿಪಾಠವಾಗಿತ್ತು. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಸೇರಿದಾಗ ಪಿಡುಗೂ ಪ್ರವಾಹವೂ ಒಟ್ಟಿಗೇ ಇದ್ದವು. ಭಾಗಮಂಡಲದ ಸಂಗಮ ಮುಳುಗಿತ್ತು. ಜನರನ್ನು ಒಂದೆಡೆ ಸೇರಿಸದೆ ಕಾಪಾಡಲಾಗದು, ಸೇರಿಸಿದರೆ ಸೋಂಕು ಹರಡುತ್ತದೆ. ಹಳೆಯ ಅನುಭವವಿದ್ದವರು ಇಲ್ಲದಿದ್ದರೆ ಕಾಳಜಿ ಕೇಂದ್ರಗಳನ್ನು ನಡೆಸುವುದೇ ಕಷ್ಟವಾಗುತ್ತಿತ್ತು. ತಾಳಿಕೆ ಎಂಬುದು ಸ್ವಭಾವಕ್ಕಿಂತ ಹೆಚ್ಚಾಗಿ ಸಂಗ್ರಹ ಎಂದು ನಾನು ಹೇಳುವುದು ಇದಕ್ಕೇ: ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ತಲೆಯಲ್ಲಿ ಅದು ಕೂಡಿಟ್ಟಿರುತ್ತದೆ. ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಿಸುವ, ನವೀಕರಣವಾಗುವುದೋ ಇಲ್ಲವೋ ಎಂದು ಮಾರ್ಚ್ ತಿಂಗಳಿಡೀ ಕಾಯಿಸುವ ನೇಮಕಾತಿಯ ಕ್ರಮ ಆ ಸಂಗ್ರಹವನ್ನು ಬೆಳೆಯಗೊಡುವುದಿಲ್ಲ.

ಹಣದ ಮಾತಿಗೆ ಬಂದರೆ, ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಕಾಗದದಲ್ಲಿ ಅವರು ‘ಸ್ವಯಂಸೇವಕಿ’ಯರು, ಸಂಬಳವಿಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಕೋವಿಡ್ ಕೆಲಸಕ್ಕೆಂದು ಕೇಂದ್ರ ಸೇರಿಸಿದ್ದು ತಿಂಗಳಿಗೆ ಒಂದು ಸಾವಿರ ರೂಪಾಯಿ. ಪಿಡುಗು ಏರುತ್ತಿದ್ದ 2020ರ ಜುಲೈ 10ರಿಂದ ಅವರು ತಿಂಗಳಿಗೆ 12 ಸಾವಿರ ಖಚಿತ ಗೌರವಧನ ಕೇಳಿ ಮುಷ್ಕರ ಹೂಡಿದರು. ಇಂಥ ಹೊತ್ತಿನಲ್ಲಿ ಮುಷ್ಕರವೇ ಎಂದು ಮುಖ ಸಿಂಡರಿಸಿದವರಲ್ಲಿ ಮಾರ್ಚ್‌ನಲ್ಲಿ ಚಪ್ಪಾಳೆ ತಟ್ಟಿದವರೂ ಇದ್ದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಕರ್ನಾಟಕದಲ್ಲಿ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸಿಕ್ಕಿದ್ದು 2025ರ ಜನವರಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿ ಕಳೆದ ಮೇಲೆ.

ದಣಿವಿನ ಬಗ್ಗೆಯೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಒಂದು, ಕೆಲಸದ ಒತ್ತಡ ದೀರ್ಘಕಾಲ ನಿಭಾಯಿಸಲಾಗದೆ ಬತ್ತಿಹೋಗುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಹೆಸರಿಸಿತು. ಅಂದರೆ ಇದರ ಮೂಲ ವ್ಯಕ್ತಿಯ ದೌರ್ಬಲ್ಯದಲ್ಲಿಲ್ಲ, ಕೆಲಸದ ಏರ್ಪಾಡಿನಲ್ಲಿದೆ. ಇನ್ನೊಂದಕ್ಕೆ ಅಮೆರಿಕದ ಚಿಂತಕ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ನರ್ಸುಗಳ ಕೆಲಸವನ್ನು ಕುರಿತು ಬರೆಯುವಾಗ ನೈತಿಕ ಸಂಕಟ ಎಂಬರ್ಥದ ಹೆಸರು ಕೊಟ್ಟರು: ಮಾಡಬೇಕಾದದ್ದು ಇದೇ ಎಂದು ಗೊತ್ತಿದ್ದೂ, ಸುತ್ತಲಿನ ವ್ಯವಸ್ಥೆಯ ಕಾರಣದಿಂದ ಅದನ್ನು ಮಾಡಲಾಗದೆ ನಿಲ್ಲುವ ಸಂಕಟ. ಮೊದಲನೆಯದಕ್ಕೆ ರಜೆ ಸ್ವಲ್ಪ ಮದ್ದಾಗಬಹುದು. ಎರಡನೆಯದಕ್ಕೆ ನಿದ್ದೆ, ಯೋಗ, ಪ್ರೇರಣೆಯ ಭಾಷಣ ಯಾವುದೂ ಮದ್ದಲ್ಲ. ಒಂದೇ ಹಾಸಿಗೆ ಖಾಲಿಯಿದ್ದು ಇಬ್ಬರು ಬಂದ ರಾತ್ರಿ, ಯಾರನ್ನು ಒಳಗೆ ಕರೆಯಬೇಕೆಂದು ತೀರ್ಮಾನಿಸಿದ ಕಿರಿಯ ವೈದ್ಯರಿಗೆ ‘ನೀವು ಬಹಳ ಗಟ್ಟಿ’ ಎಂದು ಹೇಳುವುದರಲ್ಲಿ ಕರುಣೆಯಿಲ್ಲ. ಇಟಲಿಯ ಅರಿವಳಿಕೆ ತಜ್ಞರ ಸಂಘ 2020ರ ಮಾರ್ಚ್‌ನಲ್ಲೇ ಇಂಥ ತೀರ್ಮಾನಗಳಿಗೆ ಲಿಖಿತ ಮಾರ್ಗದರ್ಶನ ಪ್ರಕಟಿಸಿ ಟೀಕೆಗೂ ಗುರಿಯಾಯಿತು. ಅದರ ಅಂಶಗಳನ್ನು ಒಪ್ಪಲಿ ಬಿಡಲಿ, ತೀರ್ಮಾನದ ಭಾರ ಒಬ್ಬರ ಹೆಗಲ ಮೇಲೆ ಬೀಳದಿರಲಿ ಎಂಬ ಅದರ ಉದ್ದೇಶ ನನಗೆ ಸರಿಯೆನಿಸುತ್ತದೆ. ನಮ್ಮ ಜಿಲ್ಲೆಗಳ ವಾರ್ಡುಗಳಲ್ಲಿ ಆ ಭಾರ ಬಹುಮಟ್ಟಿಗೆ ಪಾಳಿಯಲ್ಲಿದ್ದವರ ಮೇಲೆಯೇ ಬಿತ್ತು.

ಹಾಗಾದರೆ ಕೆಲವರು ಕುಸಿಯದೆ ನಿಂತದ್ದು ಹೇಗೆ? ನಾನು ಮಾತಾಡಿಸಿದವರು ಹೇಳಿದ ಕಾರಣಗಳು ಸಣ್ಣವು. ವೈದ್ಯಾಧಿಕಾರಿಗಳು ತಾವೂ ಲೈನ್ ಮನೆಗೆ ಬಂದರು. ಬಿಸಿನೀರಿಗೆ ವ್ಯವಸ್ಥೆಯಿತ್ತು. ಪಕ್ಕದ ಉಪಕೇಂದ್ರದವರು ಫೋನ್ ಎತ್ತಿದರು. ಮನೆ ಮಾಲೀಕರು ಕೋಣೆ ಖಾಲಿ ಮಾಡಿಸಲಿಲ್ಲ. ಬುಡಕಟ್ಟಿನವರ ಹಾಡಿಯಲ್ಲಿ ಯರವರ ಭಾಷೆ ಬಲ್ಲ ಹುಡುಗಿಯೊಬ್ಬಳು ಜೊತೆಗೆ ಬಂದಳು. ಇವುಗಳಲ್ಲಿ ಎದೆಗಾರಿಕೆಯ ಪ್ರಸ್ತಾಪವೇ ಇಲ್ಲ. 2021ರ ಜೂನ್ 14ರಿಂದ ರಾಜ್ಯದ ಹೆಚ್ಚಿನ ಭಾಗದಲ್ಲಿ ನಿರ್ಬಂಧ ಸಡಿಲವಾದಾಗಲೂ ಸೋಂಕು ಇಳಿಯದ 11 ಜಿಲ್ಲೆಗಳ ಪಟ್ಟಿಯಲ್ಲಿ ಕೊಡಗು ಉಳಿದುಕೊಂಡಿತ್ತು; ಉಳಿದವರು ಉಸಿರು ಬಿಡುವ ಹೊತ್ತಿಗೆ ಇವರಿಗೆ ಮಳೆಗಾಲ ಶುರುವಾಗಿತ್ತು. ಆ ಹೆಚ್ಚುವರಿ ವಾರಗಳನ್ನು ದಾಟಿಸಿದ್ದು ಈ ಸಣ್ಣ ಸಂಗತಿಗಳೇ ಎಂದು ಅವರು ಹೇಳುವಾಗ ನಂಬದಿರಲು ನನಗೆ ಕಾರಣ ಕಾಣಲಿಲ್ಲ.

2023ರ ಮೇ 5ರಂದು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಣೆಯಾಯಿತು. ಯಂತ್ರಗಳು ಉಳಿದಿವೆ, ಕೆಲವು ಪ್ಲಾಸ್ಟಿಕ್ ಹೊದಿಕೆಯೊಳಗೆ. ಸಿದ್ದಾಪುರದ ಕಡೆಯ ಆ ಸಿಸ್ಟರ್ ಕಳೆದ ಮಳೆಗಾಲದಲ್ಲಿ ಮತ್ತೆ ಸಿಕ್ಕಿದ್ದರು. ಪಕ್ಕದ ಉಪಕೇಂದ್ರದವರು ವರ್ಗವಾಗಿ ಹೋಗಿ ತಿಂಗಳುಗಳಾಗಿವೆ, ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಅಲ್ಲಿನ ಲೈನ್ ಮನೆಗಳೂ, ಎರಡು ಹಾಡಿಗಳೂ, ಅಂಗನವಾಡಿಯ ಲಸಿಕೆಯ ದಿನವೂ ಈಗ ಇವರದ್ದೇ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಹೆಚ್ಚುವರಿ ಪ್ರಭಾರ’ ಎಂದು ಬರೆದಿತ್ತು.